ತೋಡಿನ ನಳಿಗೆಯೋ, ಸಾದಾ ನಳಿಗೆಯೋ

ರೈಫಲ್ ಕ್ಲಬ್ಬಿನ ಆಯುಧ ಕೋಣೆಯ ಬೀಗದ ಕೈ ಹೊಸದಾಗಿ ಹಿಡಿದವರು ನನ್ನನ್ನು ಹುಡುಕಿಕೊಂಡು ಶೆಟ್ಟಿಕೆರೆಗೆ ಬರುವುದುಂಟು. ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಬದಲಿಸಿ, ಬೆವರೊರೆಸಿಕೊಳ್ಳುತ್ತ ಬಂದು ಜಗಲಿಯ ಮೇಲೆ ಕೂರುತ್ತಾರೆ. ನೀರು ಕುಡಿದ ಮೇಲೆ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಾರ್, ಪಾಯಿಂಟ್ ಟೂ ಟೂ ರೈಫಲಿಗೆ ಫ್ಲೂಟೆಡ್ ಬ್ಯಾರಲ್ ತಗೊಳ್ಳೋದೋ, ಸಾದಾದ್ದೋ?"

ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು. ಹಾಗೆ ಒಮ್ಮೆ ಹೇಳಿ, ಅದರಿಂದ ಏನಾಯಿತೆಂದು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ಹೊಸಬರಿಗೆ ಪ್ರಯೋಜನವಿಲ್ಲ. ಅದನ್ನೆಲ್ಲ ಬಿಟ್ಟಿದ್ದೇನೆ.

ಮೊದಲು ಪದಾರ್ಥದ ವಿಷಯ. ರೈಫಲಿನ ನಳಿಗೆಯ ಒಳಗೆ ಸುರುಳಿ ಗೆರೆಗಳಿರುತ್ತವೆ. ಗುಂಡನ್ನು ತಿರುಗಿಸಿ ನೇರವಾಗಿ ಕಳಿಸುವುದು ಅವು. ಫ್ಲೂಟೆಡ್ ಎನ್ನುವುದು ಹೊರಮೈಗೆ ಸಂಬಂಧಿಸಿದ್ದು. ನಳಿಗೆಯ ಮೈಮೇಲೆ ಉದ್ದಕ್ಕೂ ತೋಡು ಕೊರೆದು ಕಬ್ಬಿಣ ತೆಗೆದಿರುತ್ತಾರೆ. ಇವೆರಡನ್ನೂ ಒಂದೇ ಎಂದುಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತೋಡಿನಿಂದ ತೂಕ ಇಳಿಯುತ್ತದೆ, ಅದು ನಿಜ. ನಳಿಗೆ ಗಟ್ಟಿಯಾಗುತ್ತದೆ ಎನ್ನುವುದು ಅರ್ಧ ನಿಜ: ಅಷ್ಟೇ ತೂಕದ ತೆಳು ನಳಿಗೆಗಿಂತ ಗಟ್ಟಿ, ಅಷ್ಟೇ ದಪ್ಪದ ಸಾದಾ ನಳಿಗೆಗಿಂತ ಅಲ್ಲ. ಬೇಗ ತಣಿಯುತ್ತದೆ ಎಂದೂ ಹೇಳುತ್ತಾರೆ. ನಮ್ಮ ಸಣ್ಣ ಗುಂಡಿಗೆ, ಉಸಿರು ಹಿಡಿದು ಒಂದೊಂದಾಗಿ ಹಾರಿಸುವ ಆಟಕ್ಕೆ, ನಳಿಗೆ ಕಾಯುವುದೇ ಕಡಿಮೆ. ಆ ಲಾಭ ನನ್ನ ಕಣ್ಣಿಗೆ ಬಿದ್ದಿಲ್ಲ.

ನಾನು ಕೆಲಸ ಕಲಿತದ್ದು ಸೈನ್ಯದ ಆಯುಧ ದುರಸ್ತಿ ಶಾಲೆಯಲ್ಲಿ. ಅಲ್ಲಿ ಒಬ್ಬ ಸುಬೇದಾರರು ಪ್ರತಿಯೊಬ್ಬನ ನೋಟ್‌ಬುಕ್ಕಿನಲ್ಲೂ ನಡುವೆ ಒಂದು ಗೆರೆ ಎಳೆಸುತ್ತಿದ್ದರು. ಎಡಕ್ಕೆ ಕಂಡದ್ದು, ಬಲಕ್ಕೆ ಅಂದುಕೊಂಡದ್ದು. 'ಸ್ಪ್ರಿಂಗ್ ಸವೆದಿದೆ' ಎಂದು ನಾನು ಎಡಕ್ಕೆ ಬರೆದಾಗ ಅವರು ಕೇಳಿದರು, "ಸವೆದದ್ದನ್ನ ಕಂಡೆಯೋ, ರೈಫಲ್ ಹೊಡೆಯದೇ ಇದ್ದದ್ದನ್ನ ಕಂಡೆಯೋ?" ನಾನು ಆ ಸಾಲನ್ನು ಹೊಡೆದು ಹಾಕಿ ಬಲಕ್ಕೆ ಬರೆದೆ. ಸೈನ್ಯ ಬಿಟ್ಟು ಊರಿಗೆ ಬಂದು, ಕಿಬ್ಬನಹಳ್ಳಿ ಕಡೆಯ ಒಂದು ಖಾಸಗಿ ಕ್ಲಬ್ಬಿನ ರೇಂಜಿನಲ್ಲಿ ಆಯುಧ ಕೋಣೆಯ ಉಸ್ತುವಾರಿ ವಹಿಸಿಕೊಂಡ ಮೇಲೂ ಆ ಗೆರೆ ಬಿಡಲಿಲ್ಲ. ಹೆಸರು ಶಿವನಂಜಯ್ಯ ಎಂದಿದ್ದರೂ ಎಲ್ಲರೂ ಕರೆಯುತ್ತಿದ್ದದ್ದು ಹವಾಲ್ದಾರ್ ಎಂದೇ.

ನಮ್ಮ ರೇಂಜಿನ ಮೂರು ಕಡೆಯೂ ತೆಂಗಿನ ತೋಟ. ಗುರಿಯ ಹಿಂದೆ ಎರಡಾಳೆತ್ತರದ ಮಣ್ಣಿನ ದಿಬ್ಬ. ಗಾಳಿ ಯಾವ ಕಡೆ, ಎಷ್ಟು ಎಂಬುದನ್ನು ಗರಿಗಳೇ ಹೇಳುತ್ತಿದ್ದವು. ಬಿಸಿಲೇರಿದರೆ ಗಾಳಿಯೂ ಏಳುತ್ತದೆಂದು ನಾವು ಅಭ್ಯಾಸವನ್ನು ಬೆಳಗ್ಗೆ ಏಳಕ್ಕೇ ಶುರು ಮಾಡುತ್ತಿದ್ದೆವು. ಈಗ ಗುರಿಯ ಕಾರ್ಡು ತರಲು ಯಾರೂ ನಡೆಯಬೇಕಿಲ್ಲ, ಪರದೆಯ ಮೇಲೆ ಅಂಕ ಮೂಡುತ್ತದೆ. ಆದರೆ ಗರಿ ನೋಡುವುದನ್ನು ಯಾವ ಪರದೆಯೂ ಕಲಿಸಿಲ್ಲ.

ಕ್ಲಬ್ಬಿನ ಕಾರ್ಯದರ್ಶಿ ಬಸವಲಿಂಗಪ್ಪನವರು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಉದಾರಿ, ಮಾತುಗಾರ, ಯಾವುದನ್ನಾದರೂ ಕೈಲಿ ಹಿಡಿದು ತೂಗಿಯೇ ತೀರ್ಮಾನಿಸುವವರು. ಆ ವರ್ಷ ಕ್ಲಬ್ಬಿಗೆ ಒಂದು ಹೊಸ ರೈಫಲ್ ಕೊಳ್ಳುವುದಿತ್ತು. ಬೆಂಗಳೂರಿನ ವ್ಯಾಪಾರಿ ಪರೀಕ್ಷೆಗೆಂದು ಎರಡನ್ನು ಕಳಿಸಿದ. ತಯಾರಕರು ಒಬ್ಬರೇ, ಟ್ರಿಗರ್ ಒಂದೇ, ಮರದ ಹಿಡಿ ಒಂದೇ. ಒಂದಕ್ಕೆ ಸಾದಾ ನಳಿಗೆ, ಇನ್ನೊಂದಕ್ಕೆ ಆರು ತೋಡಿನ ನಳಿಗೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತಿಂಗಳೊಳಗೆ ವಾಪಸು ಕಳಿಸಬೇಕು.

ಬಸವಲಿಂಗಪ್ಪನವರು ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ರೇಂಜಿಗೆ ತರಿಸಿದರು. ಸಾದಾದ್ದನ್ನು ಇಟ್ಟು ತೂಕ ನೋಡಿದರು. ಅದನ್ನು ತೆಗೆದು ತೋಡಿನದನ್ನು ಇಟ್ಟರು. ಜೇಬಿನಲ್ಲಿದ್ದ ಉಂಡೆ ಕೊಬ್ಬರಿಗಳನ್ನು ಒಂದೊಂದಾಗಿ ಅದರ ಪಕ್ಕಕ್ಕೆ ಸೇರಿಸುತ್ತ ಹೋದರು. ಮೂರನೆಯದಕ್ಕೆ ಅಂಕಿ ಸಮವಾಯಿತು.

"ನೋಡ್ರೀ ಹವಾಲ್ದಾರ್ರೇ, ಮೂರು ಕೊಬ್ರಿ ಕಣ್ರೀ ವ್ಯತ್ಯಾಸ. ಅಷ್ಟಕ್ಕೆ ಇಷ್ಟೊಂದು ಕೆತ್ನೆನಾ? ಆದ್ರೂ ಚೆನ್ನಾಗೈತೆ ಬುಡಿ. ದೇವಸ್ಥಾನದ ಕಂಬ ಇದ್ದಂಗೈತೆ."

ನಾನು ನಾಲ್ಕು ಬೆಳಗ್ಗೆ ಎರಡನ್ನೂ ಮರಳು ಚೀಲದ ಮೇಲಿಟ್ಟು, ಒಂದೇ ಪೆಟ್ಟಿಗೆಯ ಗುಂಡುಗಳಿಂದ, ಐವತ್ತು ಮೀಟರಿಗೆ ಪರೀಕ್ಷಿಸಿದೆ. ಹತ್ತು ಹತ್ತು ಗುಂಡಿನ ಗುಂಪುಗಳು. ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಯಾವುದು ಯಾವ ರೈಫಲಿನದೆಂದು ನನಗೇ ತಿಳಿಯುತ್ತಿರಲಿಲ್ಲ. ಅಷ್ಟು ಸಮ. ಆ ಕೆಲಸದ ಬಗ್ಗೆ ಇವತ್ತಿಗೂ ನನಗೆ ಹೆಮ್ಮೆಯಿದೆ.

ರೈಫಲನ್ನು ಮುಖ್ಯವಾಗಿ ಹಿಡಿಯಬೇಕಾದವಳು ಶೋಭಾ. ತುರುವೇಕೆರೆ ಕಡೆಯ ಹಳ್ಳಿಯವಳು, ಡಿಗ್ರಿ ಕೊನೇ ವರ್ಷದಲ್ಲಿದ್ದಳು. ಕುಳ್ಳಗೆ, ಸಣ್ಣಗೆ, ಮಾತು ಕಡಿಮೆ. ರಾಜ್ಯ ತಂಡದ ಆಯ್ಕೆಗೆ ನಮ್ಮಿಂದ ಹೋಗಬಲ್ಲವಳು ಅವಳೊಬ್ಬಳೇ. ಹಿಂದಿನ ವರ್ಷ ಒಂದೇ ಅಂಕದಲ್ಲಿ ತಪ್ಪಿಹೋಗಿತ್ತು. ಈ ಸಲವೂ ಆಗದಿದ್ದರೆ ಓದು ಮುಗಿಸಿ ಮನೆಯಲ್ಲಿರು ಎಂದು ಅವಳ ತಂದೆ ಹೇಳಿದ್ದರು.

ನಾನು ವರದಿ ಬರೆದೆ: 'ಎರಡೂ ಸಮ. ಹುಡುಗಿಗೆ ಹಗುರದ್ದು ಒಳ್ಳೆಯದು. ತೋಡಿನ ನಳಿಗೆ ಇಟ್ಟುಕೊಳ್ಳಬಹುದು.' ಬಸವಲಿಂಗಪ್ಪನವರು ಸಂತೋಷದಿಂದ ಸಹಿ ಹಾಕಿದರು. ಶೋಭಾಳನ್ನು ಯಾರೂ ಕೇಳಲಿಲ್ಲ.

ಡಿಸೆಂಬರ್ ಬಂತು. ಬೆಳಗಿನ ಮಂಜು, ಜೊತೆಗೆ ಪಕ್ಕದ ತೆಂಗಿನ ನಾರಿನ ಕಾರ್ಖಾನೆಯ ಧೂಳು. ಸಾದಾ ನಳಿಗೆಯನ್ನು ಬಟ್ಟೆಯಲ್ಲಿ ಒಮ್ಮೆ ಎಳೆದರೆ ಮುಗಿಯಿತು. ತೋಡಿನ ನಳಿಗೆಯಲ್ಲಿ ಒಂದೊಂದು ತೋಡನ್ನೂ ಬೆರಳಿಟ್ಟು ಒರೆಸಬೇಕು. ಒಂದು ಸಂಜೆ ನೋಡುತ್ತೇನೆ, ಎರಡು ತೋಡುಗಳಲ್ಲಿ ತುಕ್ಕಿನ ಚುಕ್ಕೆ. ಆಯುಧದ ಎಣ್ಣೆ ತೀರಿತ್ತು, ತರಿಸಿದ್ದು ಇನ್ನೂ ಬಂದಿರಲಿಲ್ಲ.

"ತಿಪ್ಟೂರು ಸೀಮೇಲಿ ಕೂತ್ಕೊಂಡು ಎಣ್ಣೆ ಇಲ್ಲ ಅಂತೀರಲ್ರೀ! ನಮ್ಮಪ್ಪ ತೋಟದ ಕೋವಿಗೆ ಬಳೀತಿದ್ದದ್ದು ಕೊಬ್ರಿ ಎಣ್ಣೇನೇ," ಎಂದರು ಬಸವಲಿಂಗಪ್ಪನವರು.

ನಮ್ಮ ತಂದೆಯೂ ಹಾಗೇ ಮಾಡುತ್ತಿದ್ದರು. ಯಂತ್ರದ ಭಾಗಗಳಿಗೆ ಅದನ್ನು ಮುಟ್ಟಿಸಬಾರದೆಂದು ನನಗೆ ಗೊತ್ತಿತ್ತು. ಹೊರಮೈಗೆ ತಾನೇ ಎಂದುಕೊಂಡೆ. ಆರು ತೋಡುಗಳಿಗೂ ಧಾರಾಳವಾಗಿ ಹಚ್ಚಿದೆ. ರೈಫಲನ್ನು ಎಂದಿನಂತೆ ಬಾಯಿ ಮೇಲೆ ಮಾಡಿ ಕಪಾಟಿನಲ್ಲಿ ನಿಲ್ಲಿಸಿದೆ. ನಾಲ್ಕು ಸಂಜೆ ಹೀಗೇ ಮಾಡಿದೆ. ಸಾಲಿನಲ್ಲಿದ್ದ ಬೇರೆ ರೈಫಲುಗಳನ್ನೂ ಅದೇ ಬಟ್ಟೆಯಿಂದ ಒರೆಸಿದೆ.

ಐದನೆಯ ಬೆಳಗ್ಗೆ ಏಳೂ ಕಾಲು. ಆಯ್ಕೆಗೆ ಹತ್ತು ದಿನ ಉಳಿದಿತ್ತು. ಶೋಭಾ ಚಾಪೆಯ ಮೇಲೆ ಮಲಗಿ ಮೊದಲ ಗುಂಡು ತುಂಬುತ್ತಿದ್ದಳು. ರೈಫಲಿನ ಬಾಯಿ ಮುಂದಕ್ಕೆ, ತಗ್ಗಿಗೆ ಇತ್ತು, ಕಲಿಸಿದ ಹಾಗೇ. ನಾನು ಅವಳ ಬಲಕ್ಕೆ ಐದು ಹೆಜ್ಜೆ ಹಿಂದೆ ನಿಂತಿದ್ದೆ. ಅವಳು ಗುಂಡಿನ ಹಿಂದಿನ ಕಬ್ಬಿಣದ ಅಗುಳಿ, ಬೋಲ್ಟ್, ಮುಚ್ಚಿದಳು. ಮುಚ್ಚಿದ ಕ್ಷಣವೇ ಗುಂಡು ಹಾರಿತು. ಅವಳ ಚಾಪೆಯಿದ್ದ ಕಟ್ಟೆಯ ಅಂಚಿನ ಕಲ್ಲಿಗೆ ಬಡಿದು, ಮೇಲೆದ್ದು, ತಗಡಿನ ಸೂರನ್ನು ತೂತು ಮಾಡಿಕೊಂಡು ಹೋಯಿತು. ಕಲ್ಲಿನ ಚೂರೊಂದು ಬಂದು ನನ್ನ ಕನ್ನಡಕದ ಎಡಗಾಜಿಗೆ ತಗುಲಿತು. ಗಾಜು ಇರದಿದ್ದರೆ ಎಂಬುದನ್ನು ನಾನು ಯಾವತ್ತೂ ಬರೆಯಲಿಲ್ಲ. ಅದು ಬಲಗಡೆಗೆ ಸೇರುವ ಮಾತು.

ಶೋಭಾ ರೈಫಲನ್ನು ಅಲುಗಾಡಿಸಲಿಲ್ಲ. ಬಾಯಿ ದಿಬ್ಬದ ಕಡೆಗೇ ಇತ್ತು. "ಸಾರ್, ನಾನು ಮುಟ್ಟಿಲ್ಲ," ಎಂದಳು.

ಸುರಕ್ಷತೆಯ ಹೊಣೆ ಹೊತ್ತಿದ್ದವರು ರಂಗಸ್ವಾಮಿ ಮೇಷ್ಟ್ರು, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದವರು. ಸಮಿತಿ ಸೇರಿಸಿ ರೈಫಲನ್ನು ಪರೀಕ್ಷಿಸುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡಾಯಿತು. ಖಾಲಿ ರೈಫಲಿನ ಬೋಲ್ಟನ್ನು ಅವರು ಐವತ್ತು ಸಲ ತೆಗೆದು ಮುಚ್ಚಿದರು. ಮೆತ್ತಗೆ ಮುಚ್ಚಿದರು, ಬಡಿದು ಮುಚ್ಚಿದರು. ಒಮ್ಮೆಯೂ ತಾನಾಗಿ ಹೊಡೆಯಲಿಲ್ಲ.

"ರೈಫಲ್ ಸರಿಯಾಗೈತೆ," ಎಂದರು ಬಸವಲಿಂಗಪ್ಪನವರು. "ಬೆರಳು ಎಲ್ಲಿತ್ತವ್ವಾ? ನಿಜ ಹೇಳ್ಬುಡು, ಯಾರೂ ಬಯ್ಯಲ್ಲ."

ಶೋಭಾ ಬಲಗೈಯನ್ನು ಮೇಜಿನ ಮೇಲೆ ಚಾಚಿಟ್ಟಳು. "ಬೆರಳು ಹೊರಗಿತ್ತು ಸಾರ್."

"ಎಲ್ರೂ ಹೇಳೋದು ಇದನ್ನೇ ಕಣಮ್ಮ," ಎಂದರು ಮೇಷ್ಟ್ರು. ನಮ್ಮ ನಿಯಮದಲ್ಲಿ ಆಜ್ಞೆಯಿಲ್ಲದೆ ಗುಂಡು ಹಾರಿಸಿದವರಿಗೆ ಮೂರು ತಿಂಗಳು ರೇಂಜಿಗೆ ಪ್ರವೇಶವಿಲ್ಲ. ಮೂರು ತಿಂಗಳೆಂದರೆ ಆಯ್ಕೆಯೂ ಇಲ್ಲ, ಅವಳ ಶೂಟಿಂಗೂ ಇಲ್ಲ.

ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀವು ಏನ್ ಕಂಡ್ರಿ ಹವಾಲ್ದಾರ್ರೇ? ನಿಧಾನವಾಗಿ ಹೇಳಿ."

"ಹೆಬ್ಬೆರಳು, ತೋರುಬೆರಳು ಎರಡೂ ಬೋಲ್ಟಿನ ಹಿಡಿ ಮೇಲಿದ್ವು. ಉಳಿದ ಮೂರು ಬೆರಳು ಟ್ರಿಗರ್ ಸುತ್ತಿನ ಗಾರ್ಡಿನ ಹೊರಗಿದ್ವು. ಹಿಡಿ ಕೆಳಕ್ಕಿಳೀತು. ಗುಂಡು ಹಾರ್ತು. ಬೆರಳು ಒಳಗೆ ಹೋಗೋಷ್ಟು ಹೊತ್ತು ಇರ್ಲಿಲ್ಲ."

"ಹಂಗಾದ್ರೆ ರೈಫಲ್ದು ತಪ್ಪು. ರೈಫಲ್ ಯಾರ ಸುಪರ್ದಿನಲ್ಲೈತೆ?"

"ನಂದ್ರಲ್ಲೇ."

"ರೈಫಲ್ ಸರಿಯಾಗೈತೆ ಅಂತ ಈಗ ತಾನೇ ನೋಡಿದ್ವಲ್ರೀ!" ಎಂದರು ಬಸವಲಿಂಗಪ್ಪನವರು. ತೀರ್ಮಾನ ಮರುದಿನಕ್ಕೆ ಎಂದರು. ಶೋಭಾ ಹೊರಗೆ ಬಂದು ತಂದೆಯ ಸ್ಕೂಟರ್ ಹತ್ತುವಾಗ ತಿರುಗಿ ನೋಡಿದಳು. ನೋಡಿದ್ದು ಆಯುಧ ಕೋಣೆಯನ್ನು.

ಮರುದಿನ ಐದೂವರೆಗೆ ಎದ್ದು ಸ್ನಾನ ಮುಗಿಸಿ, ತಲೆಗೆ ಹಚ್ಚಲು ಎಣ್ಣೆ ಸೀಸೆ ಎತ್ತಿದೆ. ಬಗ್ಗಿಸಿದರೆ ಬೀಳಲಿಲ್ಲ. ಒಳಗೆ ಬೆಳ್ಳಗೆ ಗಡ್ಡೆ. ಈ ಸೀಮೆಯಲ್ಲಿ ಪ್ರತಿ ಚಳಿಗಾಲವೂ, ಪ್ರತಿ ಮನೆಯಲ್ಲೂ ಕಾಣುವುದು ಅದೇ. ಬೆಳಗ್ಗೆ ಕಲ್ಲು, ಬಿಸಿಲೇರಿದರೆ ನೀರು.

ನನ್ನ ಹೆಂಡತಿ ಪಾರ್ವತಮ್ಮ ಒಲೆಯ ಮುಂದಿನಿಂದ ಕೂಗಿದಳು. "ಏನ್ರೀ ಅದು, ಸೀಸೆನ ಹಂಗ್ ಹಿಡ್ಕೊಂಡು ನಿಂತ್ರಿ? ಇವತ್ತೇ ಮೊದ್ಲು ನೋಡ್ದೋರಂಗೆ! ಒಲೆ ಹತ್ರ ಇಡಿ, ಕರಗ್ತದೆ."

"ಎಷ್ಟೊತ್ತಿಗೆ ಕರಗ್ತದೆ?"

"ಇದೂ ಒಂದು ಪ್ರಶ್ನೆನಾ! ಸುಮ್ನೆ ಬುಟ್ರೆ ಹನ್ನೊಂದು ಗಂಟೆಗೆ ಅದೇ ಕರಗ್ತದೆ."

ತಲೆಗೆ ಎಣ್ಣೆ ಹಚ್ಚದೆ ಬಸ್ಸು ಹತ್ತಿದೆ. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆಂದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಅದನ್ನು ನಾನು ಸ್ನಾನದ ಮನೆಯ ವಿಷಯವಾಗಿ ತಿಳಿದಿದ್ದೆ, ಆಯುಧ ಕೋಣೆಯ ವಿಷಯವಾಗಿ ಅಲ್ಲ. ಕೊಬ್ಬರಿ ಎಣ್ಣೆ ಕೈಗೆಟುಕದ ಬೇರೆ ಸೀಮೆಯವನಿಗೆ ಈ ತಪ್ಪು ಮಾಡುವ ಅವಕಾಶವೇ ಇರುತ್ತಿರಲಿಲ್ಲ.

ಮೇಷ್ಟ್ರನ್ನು ಫೋನ್ ಮಾಡಿ ಕರೆಸಿದೆ. ಏಳು ಗಂಟೆಗೆ ಅವರ ಎದುರೇ ಬೀಗ ತೆಗೆದೆ. ಖಾಲಿ ರೈಫಲನ್ನು ಹಿಂದಿನ ದಿನದ ಜಾಗದಲ್ಲೇ ಇಟ್ಟು, "ನೀವೇ ಮುಚ್ಚಿ," ಎಂದೆ. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಬೋಲ್ಟ್ ಮುಚ್ಚುತ್ತಿದ್ದಂತೆ ಒಳಗೆ 'ಟಕ್' ಎಂದು ಗುಂಡು ಸಿಡಿಸುವ ಸೂಜಿ ಬಡಿಯಿತು.

ಮೇಷ್ಟ್ರು ಕೈ ತೆಗೆದುಬಿಟ್ಟರು. "ಶಿವನೇ! ನಾನು ಮುಟ್ಟಿಲ್ಲ ಕಣ್ರೀ."

"ಆ ಹುಡುಗೀನೂ ಹಿಂಗೇ ಅಂದ್ಲು."

ಮರದ ಹಿಡಿಯಿಂದ ಬಿಚ್ಚಿ ನೋಡಿದೆವು. ತೋಡುಗಳ ಕೊನೆಯಿಂದ ಟ್ರಿಗರ್ ಪೆಟ್ಟಿಗೆಯವರೆಗೆ ಬಿಳಿ ಗೆರೆ, ತಣಿದ ತುಪ್ಪದಂತೆ. ನಾಲ್ಕು ಸಂಜೆ ಬಾಯಿ ಮೇಲಾಗಿ ನಿಲ್ಲಿಸಿದ ರೈಫಲಿನ ಆರು ತೋಡುಗಳೂ ಆರು ಕಾಲುವೆಗಳಂತೆ ಎಣ್ಣೆಯನ್ನು ಕೆಳಕ್ಕೆ ಹರಿಸಿದ್ದವು. ಬೋಲ್ಟ್ ಹಿಂದಕ್ಕೆಳೆದಾಗ ಟ್ರಿಗರಿನೊಳಗಿನ ಸಣ್ಣ ಕೊಕ್ಕೆ ತನ್ನ ಜಾಗಕ್ಕೆ ಮರಳಬೇಕು, ಸೂಜಿಯನ್ನು ಹಿಡಿದು ನಿಲ್ಲಿಸಬೇಕು. ಹೆಪ್ಪಿನಲ್ಲಿ ಅದು ಅರ್ಧಕ್ಕೇ ನಿಂತಿತ್ತು. ಎಣ್ಣೆ ಕರಗಿದ ಮೇಲೆ, ಹನ್ನೆರಡು ಗಂಟೆಗೆ ಪರೀಕ್ಷೆ ಮಾಡಿದವರಿಗೆ ಅದು ಕಾಣುವ ಹಾಗೇ ಇರಲಿಲ್ಲ.

ಬಸವಲಿಂಗಪ್ಪನವರು ಬಂದು ಎಲ್ಲ ಕೇಳಿದರು. ಬಾಗಿಲು ಮುಂದಕ್ಕೆಳೆದು ಕೂತರು. "ನೋಡ್ರೀ, ಆ ಹುಡುಗೀದು ತಪ್ಪಿಲ್ಲ, ಬುಡ್ರಿ. ನಿಮ್ದೂ ಬ್ಯಾಡ. ತೋಡಿನ ಬ್ಯಾರಲ್ಲೇ ದೋಷ ಅಂತ ಒಂದು ಸಾಲು ಬರೀರಿ. ವಾಪಸ್ ಕಳ್ಸಾನ. ಸಾದಾದ್ದು ಇನ್ನೂ ಕಳ್ಸಿಲ್ಲ, ಪೆಟ್ಟಿಗೇಲೇ ಐತಲ್ಲ. ಎಲ್ರಿಗೂ ಒಳ್ಳೇದು."

ಅದು ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಶೋಭಾಳನ್ನೂ ಉಳಿಸುತ್ತಿತ್ತು, ನನ್ನನ್ನೂ ಉಳಿಸುತ್ತಿತ್ತು. ನಾನು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಯೋಚಿಸಿದೆ. ಅಷ್ಟು ಹೊತ್ತು ಯೋಚಿಸಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

"ಆಗಲ್ಲ ಸ್ವಾಮಿ," ಎಂದೆ. "ಅದೇ ಬಟ್ಟೇಲಿ ಉಳಿದ ಆರು ರೈಫಲೂ ಒರ್ಸಿದೀನಿ. ಬ್ಯಾರಲ್ ದೋಷ ಅಂತ ಬರೆದ್ರೆ ಅವುನ್ನ ಯಾರೂ ಬಿಚ್ಚಿ ನೋಡಲ್ಲ. ಮುಂದಿನ ಚಳಿಗಾಲಕ್ಕೆ ಇನ್ಯಾರೋ ಸೀಸೆ ತಗೋತಾರೆ."

"ಬರೆದ್ರೆ ನಿಮ್ ಬೀಗದ ಕೈ ಹೋಯ್ತದಲ್ರೀ."

"ಹೋಗ್ಲಿ."

ಹೇಳಿಕೆಯನ್ನು ಒಂದು ಪುಟದಲ್ಲಿ ಬರೆದೆ, ಎಲ್ಲವೂ ಎಡಗಡೆಯವೇ: ಯಾವ ಸಂಜೆ ಯಾವ ಎಣ್ಣೆ ಹಚ್ಚಿದೆ, ರೈಫಲ್ ಹೇಗೆ ನಿಂತಿತ್ತು, ಬೆರಳುಗಳು ಎಲ್ಲಿದ್ದವು, ಏಳು ಗಂಟೆಗೆ ಏನಾಯಿತು, ಹನ್ನೆರಡಕ್ಕೆ ಏನಾಗಲಿಲ್ಲ. ಸಮಿತಿ ಮೂರು ತಿಂಗಳ ನಿಯಮವನ್ನು ನನಗೇ ಹಾಕಿತು. ಬೀಗದ ಕೈ ಒಪ್ಪಿಸುವ ಮುನ್ನ ಮೇಷ್ಟ್ರ ಕಣ್ಣೆದುರು ಏಳೂ ರೈಫಲುಗಳನ್ನು ಬಿಚ್ಚಿ, ತೊಳೆದು, ಒಣಗಿಸಿ, ಅಂದೇ ಬಂದಿದ್ದ ಆಯುಧದ ಎಣ್ಣೆಯ ತೊಟ್ಟು ತೊಟ್ಟು ಹಾಕಿ ಜೋಡಿಸಿದೆ. ಇಡೀ ದಿನ ಹಿಡಿಯಿತು. ಬೇರೆ ಎರಡು ರೈಫಲುಗಳಲ್ಲೂ ಬಿಳಿ ಗೆರೆಯ ತುದಿ ಸಿಕ್ಕಿತು.

ಆ ಸಂಜೆ ನನ್ನ ವರದಿಯ ಪ್ರತಿ ತೆಗೆದು ನೋಡಿದೆ. 'ಹುಡುಗಿಗೆ ಹಗುರದ್ದು ಒಳ್ಳೆಯದು' ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗೆರೆಯ ಎಡಕ್ಕೆ ಬರೆದಿದ್ದೆ. ಅದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ.

ಮರುದಿನ ಮೇಷ್ಟ್ರು ಎರಡು ರೈಫಲುಗಳನ್ನೂ ಮೇಜಿನ ಮೇಲಿಟ್ಟರು. ನಾನು ಬಾಗಿಲಾಚೆ ನಿಂತು ಶೋಭಾಳನ್ನು ಮೊದಲ ಸಲ ಕೇಳಿದೆ: "ನಿನಗೆ ಯಾವುದು ಬೇಕವ್ವಾ?"

ಎಲ್ಲರೂ ಸಾದಾದ್ದರ ಕಡೆ ನೋಡುತ್ತಿದ್ದರು. ಅವಳು ಎರಡನ್ನೂ ಎತ್ತಿ ಭುಜಕ್ಕಿಟ್ಟು ನೋಡಿದಳು.

"ತೋಡಿಂದೇ ಇರ್ಲಿ ಸಾರ್."

"ಹಗುರ ಅಂತಲಾ?" ಎಂದರು ಬಸವಲಿಂಗಪ್ಪನವರು.

"ಅಲ್ಲ ಸಾರ್. ನಮ್ಮನೇಲಿ ಕಾಯಿ ಮೂಟೆ ನಾನೇ ಎತ್ತೋದು. ಇದು ನಂಗೆ ತೀರಾ ಹಗುರಾನೇ ಆಯ್ತು, ಉಸಿರಿಗೆ ಕುಣೀತದೆ. ಆದ್ರೆ ಹಗುರದ್ದಕ್ಕೆ ನಂಗೆ ಬೇಕಾದ ಕಡೆ ತೂಕ ಕಟ್ಕೋಬೋದು. ಭಾರದ್ದನ್ನ ಕೆತ್ತೋಕಾಗಲ್ವಲ್ಲ."

"ಹೆದ್ರಿಕೆ ಆಗಲ್ವಾ?" ಎಂದರು ಮೇಷ್ಟ್ರು.

ಅವಳು ತೋಡಿನದನ್ನು ಮೇಜಿನ ಮೇಲಿಟ್ಟು ನನ್ನ ಕಡೆ ಕೈ ತೋರಿಸಿದಳು. "ಇದರ ಕೆಟ್ಟ ಬುದ್ಧಿ ಏನಂತ ಗೊತ್ತಾಯ್ತಲ್ಲ ಸಾರ್. ಅದ್ರದ್ದು ಇನ್ನೂ ಗೊತ್ತಿಲ್ಲ. ಮತ್ತೆ ಇದನ್ನ ಇವರೇ ತೊಳ್ದಿರೋದು."

ಬಸವಲಿಂಗಪ್ಪನವರು ಜೇಬಿಗೆ ಕೈ ಹಾಕಿದರು. "ಹಂಗಾದ್ರೆ ಮೂರು ಕೊಬ್ರಿ ವಾಪಸ್ ಕಟ್ಟಾನಾ?" ನಗು ಬಂತು, ಶೋಭಾಳಿಗೂ. ಕೊಬ್ಬರಿಯ ಬದಲು ರೈಫಲಿಗೆಂದೇ ಮಾಡಿದ ತೂಕದ ಬಿಲ್ಲೆಗಳನ್ನು ನಳಿಗೆಯ ಮುಂದಕ್ಕೆ ಕಟ್ಟಿ, ತೆಗೆದು, ಎರಡು ದಿನದಲ್ಲಿ ಅವಳು ತನ್ನ ಸಮತೋಲ ಕಂಡುಕೊಂಡಳು. ನಿಂತದ್ದು ಎರಡು ಕೊಬ್ಬರಿಯ ತೂಕಕ್ಕೆ.

ಹೊಸದಾಗಿ ಬರುವವರಿಗೆ ನಾನು ಹೇಳುವುದಿಷ್ಟು. ಒರೆಸಲು ತಾಳ್ಮೆಯಿದ್ದರೆ ತೋಡಿನದು ತೆಗೆದುಕೊಳ್ಳಿ, ಇಲ್ಲದಿದ್ದರೆ ಸಾದಾದ್ದು. ಗುರಿಯ ಮೇಲೆ ಎರಡೂ ಒಂದೇ ಎಂದು ನನ್ನ ಕಾರ್ಡುಗಳಿವೆ. ಹಿಡಿಯುವವರನ್ನು ಮೊದಲು ಕೇಳಿ. ಪರೀಕ್ಷೆಯನ್ನು ಕೆಲಸ ನಡೆಯುವ ಹೊತ್ತಿಗೇ ಮಾಡಿ, ನಿಮಗೆ ಬಿಡುವಾದ ಹೊತ್ತಿಗಲ್ಲ.

ಆಯ್ಕೆಗೆ ಹೊರಡುವ ಹಿಂದಿನ ಬೆಳಗ್ಗೆ ಅವಳ ಕೊನೆಯ ಅಭ್ಯಾಸವಿತ್ತು. ಆ ವಾರದಲ್ಲೇ ಹೆಚ್ಚಿನ ಚಳಿ. ನನಗೆ ಪ್ರವೇಶವಿರಲಿಲ್ಲವಾಗಿ ತಂತಿ ಬೇಲಿಯಾಚೆ, ಪಕ್ಕದ ತೋಟದ ಬದುವಿನ ಮೇಲೆ ನಿಂತಿದ್ದೆ. ಗರಿಗಳು ಅಲುಗುತ್ತಿರಲಿಲ್ಲ. ತಗಡಿನ ತೂತಿನಿಂದ ಇಳಿದ ಬೆಳಕು ಅವಳ ಚಾಪೆಯ ಅಂಚಿನಲ್ಲಿ ನಾಲ್ಕಾಣೆಯಷ್ಟಗಲ ಬಿದ್ದಿತ್ತು. ಅವಳು ಮಲಗಿ, ಗುಂಡು ತುಂಬಿ, ಕೈಯನ್ನು ಬೋಲ್ಟಿನ ಮೇಲಿಟ್ಟಳು. ಒಂದು ಗಳಿಗೆ ಬೇಲಿಯ ಕಡೆ ನೋಡಿದಳು. ನಾನು ಬೇಲಿಯ ತಂತಿ ಹಿಡಿದುಕೊಂಡೆ.

ಬೋಲ್ಟ್ ಮುಚ್ಚಿದ ಸದ್ದು ಐವತ್ತು ಹೆಜ್ಜೆಯಾಚೆಗೂ ಸ್ಪಷ್ಟವಾಗಿ ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಅವಳು ಕೆನ್ನೆಯನ್ನು ಹಿಡಿಗೆ ಒತ್ತಿದಳು, ಉಸಿರು ಎಳೆದಳು, ಬಿಟ್ಟಳು. ಇನ್ನೂ ಏನೂ ಕೇಳಲಿಲ್ಲ. ಅವಳು ಬೆರಳನ್ನು ಒಳಗಿಟ್ಟು, ತನಗೆ ಬೇಕೆನಿಸಿದಾಗ ಹಾರಿಸಿದಳು.

ಎಷ್ಟು ಅಂಕ ಬಂತೆಂದು ನಾನು ಕೇಳಲಿಲ್ಲ. ತಂತಿಯಿಂದ ಕೈ ಬಿಡಿಸಿಕೊಂಡು, ಬಸ್ಸಿಗೆಂದು ಕಿಬ್ಬನಹಳ್ಳಿ ಕಡೆಗೆ ನಡೆದೆ.